ಅಭ್ಯಂಗ ಮತ್ತು ಅಭಾವ: ಕಲ್ಯಾಣದ ನಾಡಿನ ಚರಿತ್ರೆಯಲ್ಲಿ ಒಂದು ವಿಚಾರ

ರಾಜ್ಯಗಳ ಏಳುಬೀಳುಗಳನ್ನೂ ಯುದ್ಧಸಂಧಿಗಳನ್ನೂ ನಮ್ಮ ಚರಿತ್ರಕಾರರು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ದುಡಿದು ದಣಿದ ಮೈಗೆ ಜನರು ವಿಶ್ರಾಂತಿಯನ್ನು ಹೇಗೆ ಕಂಡುಕೊಂಡರೆಂಬ ಪ್ರಶ್ನೆ ಮಾತ್ರ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಎಣ್ಣೆ ಹಚ್ಚಿ ಮೈಯನ್ನು ತಿಕ್ಕಿ ನೀವುವ ಅಭ್ಯಂಗಕ್ರಮವು ನಮ್ಮಲ್ಲಿ ಬಹು ಪ್ರಾಚೀನವಾದುದು. ಕಾಲವು ಸುಭಿಕ್ಷವಾಗಿದ್ದಾಗ ಅದು ಭೋಗವೆನಿಸಿತು. ಬೆಳೆ ಹೋಗಿ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಅದರ ಗತಿ ಏನಾಯಿತು? ಆಗ ಅದರಿಂದ ಯಾರಿಗೆ ಉಪಶಮನ ದೊರೆಯಿತು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲು ಯತ್ನಿಸುತ್ತೇವೆ.

ಮೊದಲು ಶಾಸ್ತ್ರದ ಮಾತನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನವು ಅಭ್ಯಂಗವನ್ನು ದಿನಚರಿಯ ಅಂಗವಾಗಿ ವಿಧಿಸಿ, ಎಣ್ಣೆಯುಂಡ ಗಡಿಗೆ, ಚರ್ಮ ಮತ್ತು ಗಾಲಿಯ ಅಚ್ಚುಗಳ ಹೋಲಿಕೆಯಿಂದ ಅದರ ಫಲವನ್ನು ವಿವರಿಸುತ್ತದೆ. ವಾಗ್ಭಟನು ಅದು ಮುಪ್ಪನ್ನೂ ಶ್ರಮವನ್ನೂ ವಾತವನ್ನೂ ತಗ್ಗಿಸುವುದೆಂದು ಹೇಳಿ, ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಬೇಕೆನ್ನುತ್ತಾನೆ; ಅಜೀರ್ಣವುಳ್ಳವನಿಗೆ ಅದು ಸಲ್ಲದೆಂಬ ಎಚ್ಚರಿಕೆಯನ್ನೂ ಕೊಡುತ್ತಾನೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಒದಗುವ ಮದ್ದೆಂದು ಶಾಸ್ತ್ರಕಾರರು ಅಭ್ಯಂಗವನ್ನು ಎಣಿಸಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಈ ವಿಷಯದಲ್ಲಿ ಮುಖ್ಯವಾದ ಆಕರ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇರುವ ಈ ಸಂಸ್ಕೃತ ಗ್ರಂಥವು ಕ್ರಿ. ಶ. 1129ರ ಸುಮಾರಿಗೆ ರಚಿತವಾಯಿತು. ಐದು ವಿಂಶತಿಗಳ ನೂರು ಅಧ್ಯಾಯಗಳಲ್ಲಿ ಅರಸನ ಜೀವನದ ಎಲ್ಲ ಮುಖಗಳನ್ನೂ ಅದು ವಿವರಿಸುತ್ತದೆ. ಉಪಭೋಗಗಳಿಗೆ ಮೀಸಲಾದ ಮೂರನೆಯ ವಿಂಶತಿಯಲ್ಲಿ ಸ್ನಾನಭೋಗದ ಜೊತೆಗೆ ಪಾದಾಭ್ಯಂಗಭೋಗಕ್ಕೂ ಪ್ರತ್ಯೇಕ ಸ್ಥಾನವುಂಟು. ಪಾದಕ್ಕೆ ಎಣ್ಣೆ ತಿಕ್ಕುವುದು ಅನ್ನ, ವಸ್ತ್ರ, ಶಯ್ಯೆಗಳ ಸಾಲಿನಲ್ಲಿ ನಿಂತಿರುವುದು ಗಮನಾರ್ಹ. ಕಲ್ಯಾಣದ ಆಸ್ಥಾನದಲ್ಲಿ ಅಭ್ಯಂಗವು ಕ್ರಮಬದ್ಧವಾದ ಒಂದು ಕಲೆಯಾಗಿ ಬೆಳೆದಿತ್ತು.

ವಿಜಯನಗರದ ಕಾಲದಲ್ಲಿಯೂ ಇದೇ ಸಂಪ್ರದಾಯ ಕಾಣುತ್ತದೆ. 1520ರ ಸುಮಾರಿಗೆ ಬಂದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯಸನು ಕೃಷ್ಣದೇವರಾಯನ ದಿನಚರಿಯನ್ನು ಬಣ್ಣಿಸಿದ್ದಾನೆ. ಅರಸನು ಬೆಳಗಾಗುವ ಮುನ್ನವೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಕೊಂಡು, ಭಾರವಾದ ವಸ್ತುಗಳನ್ನೆತ್ತಿ, ಕತ್ತಿ ಬೀಸಿ, ಬೆವರಿನೊಡನೆ ಎಣ್ಣೆಯೆಲ್ಲ ಹೊರಬೀಳುವವರೆಗೆ ಸಾಧನೆ ಮಾಡಿ, ಅನಂತರ ಮಲ್ಲನೊಬ್ಬನೊಡನೆ ಕುಸ್ತಿಯಾಡುತ್ತಿದ್ದನು.

ಅರಮನೆಯ ಈ ಚಿತ್ರವನ್ನು ಕಂಡು, ನಾಡಿನ ಜನರೆಲ್ಲ ಹೀಗೆಯೇ ಬಾಳುತ್ತಿದ್ದರೆಂದು ಊಹಿಸಲಾಗದು. ಅಭ್ಯಂಗಕ್ಕೆ ಮೊದಲು ಬೇಕಾದುದು ಎಣ್ಣೆ. ಎಣ್ಣೆಯಾದರೋ ಮಳೆಯನ್ನು ನಂಬಿದ ವಸ್ತು. ಇಂದಿನ ಆಳಂದ ಚಾಳುಕ್ಯರ ಕಾಲದಲ್ಲಿ ಅಳಂದೆ ಸಾಸಿರವೆಂಬ ಆಡಳಿತ ವಿಭಾಗದ ಕೇಂದ್ರವಾಗಿತ್ತು. ಆ ಯುಗದ ಶಾಸನಗಳಲ್ಲಿ ‘ತೆಲ್ಲಿಗರ ಐವತ್ತೊಕ್ಕಲು’ ಎಂಬ ಗಾಣಿಗರ ಸಂಘವೂ, ಗಾಣಗಳ ಮೇಲಿನ ತೆರೆಯೂ, ದೇವರ ದೀಪಕ್ಕೆ ಸೊಲ್ಲಗೆಯ ಲೆಕ್ಕದಲ್ಲಿ ಬಿಟ್ಟ ಎಣ್ಣೆಯೂ ಪದೇ ಪದೇ ಉಕ್ತವಾಗಿವೆ. ಅಳೆದು ಕೊಡುವ, ತೆರೆ ಬೀಳುವ ಈ ಪದಾರ್ಥವನ್ನು ನಿತ್ಯವೂ ಮೈಗೆ ಸುರಿದುಕೊಳ್ಳಲು ಒಕ್ಕಲಿಗನಿಗೆ ಸಾಧ್ಯವಿರಲಿಲ್ಲ. ಎಳ್ಳು, ಕುಸುಬೆಗಳು ಕೈಕೊಟ್ಟ ವರ್ಷ ಒಗ್ಗರಣೆಗೇ ಎಣ್ಣೆ ಅಪರೂಪವಾಗುತ್ತಿತ್ತು.

ಕಲಬುರಗಿಯ ಸುತ್ತಿನ ನಾಡು ಇಂತಹ ವರ್ಷಗಳನ್ನು ಅನೇಕ ಸಲ ಕಂಡಿದೆ. 14ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಷಾಮ ಬಿದ್ದಾಗ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದನು ಮಾಳವ, ಗುಜರಾತುಗಳಿಂದ ಎತ್ತುಗಳ ಮೇಲೆ ಧಾನ್ಯವನ್ನು ತರಿಸಿದನೆಂದು ಫೆರಿಷ್ತಾ ಬರೆದಿದ್ದಾನೆ. ಅದೇ ಶತಮಾನದ ಕೊನೆಯಲ್ಲಿ ಬಂದ ದೀರ್ಘ ಕ್ಷಾಮವು ‘ದುರ್ಗಾದೇವಿ’ ಎಂಬ ಹೆಸರಿನಿಂದ ದಖ್ಖನಿನ ಜನರ ನೆನಪಿನಲ್ಲಿ ಉಳಿಯಿತು. 1876-78ರ ಮಹಾಕ್ಷಾಮವು ಹೈದರಾಬಾದು, ಮೈಸೂರು, ಮುಂಬಯಿ, ಮದ್ರಾಸುಗಳಿಗೆಲ್ಲ ವ್ಯಾಪಿಸಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲನು ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಮಣ್ಣು ಹೊರುವ ಕೂಲಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಪ್ರಮಾಣವನ್ನು ಗೊತ್ತುಪಡಿಸಿದುದು ಪ್ರಸಿದ್ಧವಾಗಿದೆ. ಇಂತಹ ದೇಹಕ್ಕೆ ಬೇಕಾಗಿದ್ದುದು ಅನ್ನ. ಹಸಿವಿನ ಸಂಕಟವನ್ನು ಮರ್ದನದಿಂದ ನೀಗಬಹುದೆಂದು ಯಾರೂ ಹೇಳಲಾರರು.

ಇಲ್ಲಿ ಮತ್ತೊಂದು ಅಂಶ ವಿಚಾರಾರ್ಹ. ಮೈಯೊತ್ತಿಸಿಕೊಳ್ಳುವವನಿಗೆ ಅದು ವಿಶ್ರಾಂತಿಯಾದರೆ, ಒತ್ತುವವನಿಗೆ ಅದು ದುಡಿಮೆ. ಶೂದ್ರಕನ ‘ಮೃಚ್ಛಕಟಿಕ’ದ ಸಂವಾಹಕನು ಇದಕ್ಕೆ ಒಳ್ಳೆಯ ನಿದರ್ಶನ. ಪಾಟಲಿಪುತ್ರದಿಂದ ಉಜ್ಜಯಿನಿಗೆ ಬಂದ ಅವನು ಕಲೆಯೆಂದು ಕಲಿತ ಅಂಗಮರ್ದನವನ್ನೇ ಜೀವನೋಪಾಯ ಮಾಡಿಕೊಂಡು ಚಾರುದತ್ತನ ಸೇವೆಯಲ್ಲಿದ್ದನು. ಚಾರುದತ್ತನು ಬಡವನಾದೊಡನೆ ಇವನ ಕೆಲಸವೂ ಹೋಯಿತು. ಜೂಜಿಗೆ ಬಿದ್ದು, ಹತ್ತು ಸುವರ್ಣಗಳ ಸಾಲಕ್ಕೆ ಸಿಕ್ಕಿ, ಕಡೆಗೆ ಭಿಕ್ಷುವಾದನು. ಒಡೆಯನ ಬಡತನವು ಸೇವಕನನ್ನು ಬೀದಿಪಾಲು ಮಾಡುವ ಬಗೆಯನ್ನು ನಾಟಕಕಾರನು ಚೆನ್ನಾಗಿ ಬಲ್ಲನು.

ನಮ್ಮ ಹಳ್ಳಿಗಳಲ್ಲಿ ಕ್ಷೌರಿಕರು ತಲೆಗೂ ಮೈಗೂ ಎಣ್ಣೆ ತಿಕ್ಕುವ ಕೆಲಸವನ್ನೂ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದ ಬರುವ ಆಯವೇ ಅವರ ಸಂಬಳ. ಕಣದಲ್ಲಿ ರಾಶಿಯೇ ಬೀಳದಿದ್ದರೆ ಆಯವೆಲ್ಲಿಯದು? ಇದರ ಮೇಲೆ ತೆರಿಗೆಯೂ ಬಿಟ್ಟಿಯೂ ಸೇರಿದರೆ ಅವರ ಸ್ಥಿತಿ ಇನ್ನಷ್ಟು ಕಠಿನವಾಗುತ್ತಿತ್ತು. 16ನೆಯ ಶತಮಾನದ ನಡುವಿನಲ್ಲಿ, ಸದಾಶಿವರಾಯನ ಆಳ್ವಿಕೆಯಲ್ಲಿ, ಅಳಿಯ ರಾಮರಾಯನ ಮೆಚ್ಚುಗೆಗೆ ಪಾತ್ರನಾದ ಕೊಂಡೋಜನೆಂಬ ಕ್ಷೌರಿಕನ ನಿಮಿತ್ತದಿಂದ ಕ್ಷೌರಿಕರಿಗೆ ತೆರಿಗೆಗಳ ವಿನಾಯಿತಿ ದೊರೆತುದನ್ನು ಬಾದಾಮಿಯ ಶಾಸನವೂ ಆ ಕಾಲದ ಇತರ ಶಾಸನಗಳೂ ತಿಳಿಸುತ್ತವೆ. ಇತರರ ಆಯಾಸವನ್ನು ಕಳೆಯುವವರ ಭಾರವನ್ನು ರಾಜ್ಯವು ಇಳಿಸಿದ ಈ ಪ್ರಸಂಗವು ನಮ್ಮ ವಿಷಯಕ್ಕೆ ತುಂಬ ಹತ್ತಿರವಾದುದು.

ಹಾಗಾದರೆ ಅಭಾವದಲ್ಲಿ ಅಭ್ಯಂಗವು ಅಳಿಯಿತೆ? ಅಳಿಯಲಿಲ್ಲ, ಸಂಕೋಚಗೊಂಡಿತು. ನಿತ್ಯಕ್ರಮವಾಗಿ ಶಾಸ್ತ್ರ ಹೇಳಿದುದು ಸಾಮಾನ್ಯರ ಮನೆಯಲ್ಲಿ ಯುಗಾದಿಗೂ ನರಕಚತುರ್ದಶಿಗೂ ಉಳಿಯಿತು. ಉಳಿದ ದಿನಗಳಲ್ಲಿ ಮನೆಯ ಎಣ್ಣೆ ಹಸುಗೂಸಿಗೂ ಬಾಣಂತಿಗೂ ಮೀಸಲು. ಕಿಣ್ಣಿ ಸುಲ್ತಾನದಂತಹ ಆಳಂದ ಸೀಮೆಯ ಊರುಗಳಾಗಲಿ, ಅಫಜಲಪುರ, ಜೇವರ್ಗಿಗಳ ಜೋಳ-ತೊಗರಿಯ ಎರೆನೆಲದ ಊರುಗಳಾಗಲಿ ಇದಕ್ಕೆ ಹೊರತಲ್ಲ. ಯಾರಿಗೆ ಆರೈಕೆ ಅತ್ಯಗತ್ಯವೋ ಅವರಿಗೆ ಮೊದಲು ಎಂಬ ಈ ಹಂಚಿಕೆಯಲ್ಲಿ ವಿವೇಕವಿದೆ. ಎಣ್ಣೆ ತೀರಿದರೂ ಮನೆಯವರ ಕೈ ಇರುತ್ತದೆ. ಹೊಲದಿಂದ ಬಂದವರ ಕಾಲನ್ನು ಒತ್ತಲು ದುಡ್ಡು ಬೇಕಿಲ್ಲ.

ಪಾರಸಿ ಮೂಲದ ‘ಮಾಲೀಸು’ ನಮ್ಮ ಮಾತಿನಲ್ಲಿ ನೆಲೆಸಿದಂತೆಯೇ, ಒತ್ತುವುದೆಂಬ ಅರ್ಥದ ಹಿಂದಿಯ ‘ಚಾಂಪೋ’ ಇಂಗ್ಲೆಂಡಿಗೆ ಹೋಗಿ ‘ಶಾಂಪೂ’ ಆಯಿತು. ಪಾಟ್ನಾದ ಸೇಕ್ ದೀನ್ ಮಹಮ್ಮದನು 19ನೆಯ ಶತಮಾನದ ಆರಂಭದಲ್ಲಿ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು, ಮರ್ದನದಿಂದ ಖ್ಯಾತನಾದನು. ಗುರುದತ್ತರ 1957ರ ‘ಪ್ಯಾಸಾ’ ಚಿತ್ರದಲ್ಲಿ ನಿರುದ್ಯೋಗಿ ಕವಿಯ ಮಿತ್ರನಾಗಿ ಬರುವವನೂ ಬೀದಿಯ ಮಾಲೀಸುಗಾರನೇ. ನಗರದಲ್ಲಿ ಆಯವಿಲ್ಲ; ಗಿರಾಕಿ ಸಿಕ್ಕಿದ ದಿನ ಊಟ ಉಂಟು.

ಮರ್ದನವು ಉದ್ವೇಗವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆಂದು ಆಧುನಿಕ ಸಂಶೋಧನೆಗಳೂ ತೋರಿಸಿವೆ. ಇದಕ್ಕಾಗಿಯೇ 1992ರಲ್ಲಿ ಅಮೆರಿಕದ ಮಯಾಮಿ ವಿಶ್ವವಿದ್ಯಾನಿಲಯದಲ್ಲಿ ಸ್ಪರ್ಶ ಸಂಶೋಧನಾ ಸಂಸ್ಥೆಯೊಂದು ಸ್ಥಾಪಿತವಾಯಿತು. ಆದರೆ ಸಾಲ, ನಿರುದ್ಯೋಗ, ಬೆಳೆನಾಶಗಳಿಂದ ಬಂದ ಚಿಂತೆಯ ಮೂಲವನ್ನು ಕೈಯ ಸ್ಪರ್ಶ ಮುಟ್ಟಲಾರದು. ರಾತ್ರಿಯ ನಿದ್ದೆಯನ್ನು ಕೊಟ್ಟು, ಮರುದಿನದ ದುಡಿಮೆಗೆ ಮೈಯನ್ನು ಅಣಿಗೊಳಿಸುವುದೇ ಅದರ ಶಕ್ತಿ, ಅದೇ ಅದರ ಮಿತಿ. ಕಷ್ಟಕಾಲದಲ್ಲಿ ಅಷ್ಟೂ ಅಲ್ಪವೇನಲ್ಲ.

ಆದುದರಿಂದ ಅಭ್ಯಂಗದ ಚರಿತ್ರೆಯನ್ನು ಅರಮನೆಯ ಭೋಗದ ಚರಿತ್ರೆಯೆಂದಷ್ಟೇ ಬರೆದರೆ ಅದು ಅಪೂರ್ಣವಾಗುತ್ತದೆಂದು ನಮ್ಮ ಅಭಿಪ್ರಾಯ. ಗಾಣದೆರೆಯ ಶಾಸನಗಳು, ಆಯದ ಲೆಕ್ಕಗಳು, ಕ್ಷಾಮದ ವರದಿಗಳು ಮತ್ತು ಬಾಣಂತನದ ಆಚಾರಗಳು ಒಟ್ಟಿಗೆ ಪರಿಶೀಲನೆಗೆ ಬರಬೇಕು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮಟ್ಟಿಗಾದರೂ ಈ ಕೆಲಸವನ್ನು ಕೈಗೊಂಡರೆ, ‘ಮಾನಸೋಲ್ಲಾಸ’ವು ಬಣ್ಣಿಸಿದ ಪಾದಗಳ ಜೊತೆಗೆ ಆ ಪಾದಗಳನ್ನೊತ್ತಿದ ಕೈಗಳ ಪರಿಚಯವೂ ನಮಗಾದೀತು.