'ಬೇಡ' ಎಂದ ಮೇಲೂ ಫೋನು ಬಿಟ್ಟುಕೊಡುವ ಗುಟ್ಟು

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರ ಕೈಗೇ ಕೊಟ್ಟಿತು. ಸವದತ್ತಿಯ ಎರೆಹೊಲವಾಗಲಿ, ಬೈಲಹೊಂಗಲದ ಸೋಯಾ ಹೊಲವಾಗಲಿ, ರೈತ ತನ್ನ ಸರ್ವೆ ನಂಬರಿನೊಳಗೆ ನಿಂತು ಆ್ಯಪ್‌ನಲ್ಲಿ ಫೋಟೊ ತೆಗೆಯಬೇಕು. ನಿಂತ ಜಾಗಕ್ಕೆ ಜಿಪಿಎಸ್ ಸಾಕ್ಷಿ. ಇದರಲ್ಲಿ ಮುಚ್ಚುಮರೆಯಿಲ್ಲ. ಆ್ಯಪ್ ಅನುಮತಿ ಕೇಳುತ್ತದೆ, ರೈತ ಕೊಡುತ್ತಾನೆ. ಅದೇ ಫೋನಿನಲ್ಲಿರುವ ಯಾವುದೋ ಆಟದ ಆ್ಯಪ್‌ಗೆ ಅವನು 'ಬೇಡ' ಎಂದು ಒತ್ತಿದ್ದಾನೆ. ಆದರೂ ಅದು ಅವನಿರುವ ಜಾಗವನ್ನು ಪತ್ತೆ ಹಚ್ಚಿದರೆ? ಅದಕ್ಕೆ ದಾರಿಮಾಡಿಕೊಡುವ ಆಪರೇಟಿಂಗ್ ಸಿಸ್ಟಂನ ಕುಂದನ್ನು ಮಾಹಿತಿ ಸೋರಿಕೆಯ ದೋಷ ಎನ್ನುತ್ತಾರೆ.

ಪಕ್ಕದ ಮನೆಯ ಒಗ್ಗರಣೆ

ಆಂಡ್ರಾಯ್ಡ್ ಮತ್ತು ಐಒಎಸ್ ಎರಡೂ ಪ್ರತಿ ಆ್ಯಪನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ಚಿಲಕ ಹಾಕುತ್ತವೆ. ಸೋರಿಕೆಯಲ್ಲಿ ಚಿಲಕ ಮುರಿಯುವುದಿಲ್ಲ. ವಠಾರದಲ್ಲಿ ಗೋಡೆ ಎಷ್ಟೇ ಗಟ್ಟಿಯಿದ್ದರೂ ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬರುತ್ತದಲ್ಲ, ಹಾಗೆ.

ಫೋಟೊದ ಬೆನ್ನ ಮೇಲಿನ ಬರಹ

ಅಮೆರಿಕದ ಬರ್ಕ್ಲಿಯಲ್ಲಿರುವ ಅಂತರರಾಷ್ಟ್ರೀಯ ಕಂಪ್ಯೂಟರ್ ವಿಜ್ಞಾನ ಸಂಸ್ಥೆಯ ಸರ್ಜ್ ಎಗೆಲ್ಮನ್, ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋಯೆಲ್ ರಿಯರ್ಡನ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. 88 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದಾಗ, ಸಾವಿರಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಅನುಮತಿಯ ಬಾಗಿಲನ್ನು ತಪ್ಪಿಸಿ ಹೋಗುವ ಕೋಡ್ ಸಿಕ್ಕಿತು.

ದಾರಿಗಳು ತೀರಾ ಸರಳ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಚಾಲೂ ಇದ್ದರೆ ಫೋಟೊದೊಳಗೇ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತವೆ. ನವಿಲುತೀರ್ಥದ ಅಣೆಕಟ್ಟಿನ ಮುಂದೆ ತೆಗೆದ ಸೆಲ್ಫಿಯನ್ನು ಓದಿದ ಆ್ಯಪ್‌ಗೆ ಜಿಪಿಎಸ್ ಯಾಕೆ ಬೇಕು? ಆಗ ಗ್ಯಾಲರಿ ತೋರಿಸಿದರೆ ಸಾಕಿತ್ತು. ಇನ್ನು ಕೆಲವು ಆ್ಯಪ್‌ಗಳು ಮನೆಯ ವೈಫೈ ರೂಟರ್‌ನ ಗುರುತನ್ನು ಸಿಸ್ಟಂನ ಒಂದು ಕಡತದಿಂದ ಓದಿಕೊಳ್ಳುತ್ತಿದ್ದವು; ಯಾವ ರೂಟರ್ ಎಲ್ಲಿದೆ ಎಂಬ ಪಟ್ಟಿಗಳು ಜಗತ್ತಿನಲ್ಲಿ ಈಗಾಗಲೇ ಇವೆ. ಮತ್ತೊಂದು ದಾರಿ ಒಳಸಂಚಿನದು. ಅನುಮತಿ ಪಡೆದ ಆ್ಯಪ್ ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡುವುದು, ಅನುಮತಿ ಸಿಗದ ಆ್ಯಪ್ ಬಂದು ಅದನ್ನು ಓದಿಕೊಳ್ಳುವುದು.

ಅದೇ ವರ್ಷ ಬಂದ ಆಂಡ್ರಾಯ್ಡ್ 10 ಫೋಟೊದ ಸ್ಥಳಕ್ಕೆ ಪ್ರತ್ಯೇಕ ಅನುಮತಿ ತಂದಿತು. ಐಎಂಇಐಯನ್ನೂ ನೆಟ್‌ವರ್ಕ್ ಕಡತವನ್ನೂ ಸಾಮಾನ್ಯ ಆ್ಯಪ್‌ಗಳಿಂದ ಮುಚ್ಚಿಟ್ಟಿತು.

ಫೋನಿನೊಳಗಿನ ಡಂಗುರ

ವೈಫೈ ಬದಲಾಯಿತು, ಬ್ಯಾಟರಿ ಇಳಿಯಿತು ಎಂಬ ಸುದ್ದಿಯನ್ನು ಆಂಡ್ರಾಯ್ಡ್ ತನ್ನೊಳಗೇ ಡಂಗುರ ಸಾರುತ್ತದೆ; ಬೇಕಾದ ಆ್ಯಪ್ ಕೇಳಿಸಿಕೊಳ್ಳುತ್ತದೆ. ಈ ಡಂಗುರದಲ್ಲಿ ವೈಫೈನ ಹೆಸರು, ರೂಟರ್‌ನ ಗುರುತು, ಫೋನಿನ ಯಂತ್ರ ವಿಳಾಸವೂ (ಮ್ಯಾಕ್ ವಿಳಾಸ) ಸೇರಿ ಹೋಗುತ್ತಿದ್ದವು ಎಂಬುದು 2018ರಲ್ಲಿ ಬಯಲಾಯಿತು. ಭದ್ರತಾ ದೋಷಗಳ ದಾಖಲೆಯಲ್ಲಿ ಇದರ ಸಂಖ್ಯೆ ಸಿವಿಇ-2018-9489. ಆಂಡ್ರಾಯ್ಡ್ 9ರಲ್ಲಿ ಸರಿಯಾಯಿತು. ಹಳೆಯ ಆವೃತ್ತಿಗಳನ್ನು ಗೂಗಲ್ ಹಾಗೆಯೇ ಬಿಟ್ಟಿತು.

ನನಗೆ ದೋಷಕ್ಕಿಂತ ದೊಡ್ಡದಾಗಿ ಕಾಣುವುದು ಈ ಕೊನೆಯ ಮಾತು. ನಮ್ಮ ಕಡೆ ಫೋನು ಅಣ್ಣನಿಂದ ತಂಗಿಗೆ, ತಂಗಿಯಿಂದ ಅವ್ವನಿಗೆ ಇಳಿದು ಬರುತ್ತದೆ. ರಾಮದುರ್ಗದಲ್ಲಿ ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ರ‍್ಯಾಮ್ ಎಷ್ಟು, ಬ್ಯಾಟರಿ ಹೇಗೆ ಎಂದು ಕೇಳುತ್ತಾರೆ. ಭದ್ರತಾ ಪ್ಯಾಚ್‌ನ ತಾರೀಖು ಕೇಳುವವರನ್ನು ನಾನಂತೂ ಕಂಡಿಲ್ಲ. 2015ರ ಆಗಸ್ಟ್‌ನಿಂದ ಗೂಗಲ್ ತಿಂಗಳಿಗೊಮ್ಮೆ ದುರಸ್ತಿಗಳನ್ನು ಪ್ರಕಟಿಸತೊಡಗಿತು. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದರೆ ನಿಮ್ಮ ಫೋನಿಗೆ ಬಂದ ಕೊನೆಯ ದುರಸ್ತಿಯ ತಾರೀಖು ಸಿಗುತ್ತದೆ. ಅದು ಮೂರು ವರ್ಷ ಹಿಂದಿನದಾಗಿದ್ದರೆ, ಆಮೇಲೆ ಪತ್ತೆಯಾದ ಸಿಸ್ಟಂನ ಕಿಂಡಿಗಳು ಅದರಲ್ಲಿ ತೆರೆದೇ ಇರುವ ಸಂಭವ ಹೆಚ್ಚು.

ಮದ್ದಿನ ಮನೆ ಎಲ್ಲಿದೆ?

ಕಿತ್ತೂರಿನ ಕೋಟೆ 1824ರ ಅಕ್ಟೋಬರ್‌ನಲ್ಲಿ ಬ್ರಿಟಿಷರನ್ನು ಸೋಲಿಸಿತು, ಡಿಸೆಂಬರ್‌ನಲ್ಲಿ ಬಿತ್ತು. ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದರು ಎಂದು ಜನ ಇಂದಿಗೂ ಹೇಳುತ್ತಾರೆ. ಮದ್ದಿನ ಮನೆ ಎಲ್ಲಿದೆ ಎಂಬಂಥ ಒಳಗಿನ ಸುದ್ದಿಯಿಲ್ಲದೆ ಕೋಟೆ ಹಿಡಿಯುವುದು ಕಷ್ಟ. ಫೋನಿಗೂ ಇದು ಸಲ್ಲುತ್ತದೆ. ದಾಳಿಕಾರನಿಗೆ ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತಾಗದಂತೆ ಸಿಸ್ಟಂ ಪ್ರತಿ ಸಲ ಜಾಗಗಳನ್ನು ಕಲಸಿಡುತ್ತದೆ, ಮದ್ದಿನ ಮನೆಯನ್ನು ದಿನವೂ ಬೇರೆಡೆಗೆ ಸಾಗಿಸಿದಂತೆ. ಐಫೋನ್‌ಗೆ ಈ ಉಪಾಯ ಬಂದದ್ದು 2011ರ ಐಒಎಸ್ 4.3ರಲ್ಲಿ. ಆದರೆ ಮೆಮೊರಿಯ ಒಂದೇ ಒಂದು ವಿಳಾಸ ಸೋರಿದರೂ ಉಳಿದದ್ದನ್ನು ಲೆಕ್ಕ ಹಾಕಿ ತೆಗೆಯಬಹುದು. 2019ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡದ ನಟಾಲಿ ಸಿಲ್ವನೋವಿಚ್ ಮತ್ತು ಸ್ಯಾಮ್ಯುಯೆಲ್ ಗ್ರೋಸ್ ಐಮೆಸೇಜ್‌ನಲ್ಲಿ ಹಲವು ದೋಷ ಹಿಡಿದರು. ಅವುಗಳಲ್ಲೊಂದು, ಬಳಸುವವರು ಏನನ್ನೂ ಮುಟ್ಟದೆಯೇ ದೂರದಿಂದ ಫೋನಿನ ಮೆಮೊರಿ ಓದಲು ಬಿಡುವಂಥದ್ದು. ಐಒಎಸ್ 12.4ರಲ್ಲಿ ಅದನ್ನು ಮುಚ್ಚಲಾಯಿತು.

ಒರೆಸದ ಪಾಟಿ

ಆಧಾರ್ ಕಾರ್ಡಿನ ಸ್ಕ್ರೀನ್‌ಶಾಟ್ ತೆಗೆದು, ಸಂಖ್ಯೆಯ ಭಾಗ ಕತ್ತರಿಸಿ ಕಳಿಸುವುದು ಈಗ ಎಲ್ಲರಿಗೂ ರೂಢಿ. ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಕತ್ತರಿಸಿದ ಭಾಗ ಕಡತದ ಬಾಲದಲ್ಲಿ ಉಳಿಯುತ್ತಿತ್ತು ಎಂದು ಸೈಮನ್ ಆರನ್ಸ್, ಡೇವಿಡ್ ಬುಕಾನನ್ 2023ರಲ್ಲಿ ತೋರಿಸಿದರು. ದೊಡ್ಡ ಪಾಟಿಯನ್ನು ಒರೆಸದೆ, ಮೇಲ್ಭಾಗದಲ್ಲಷ್ಟೇ ಹೊಸ ಲೆಕ್ಕ ಬರೆದಂತೆ: ಸಣ್ಣ ಚಿತ್ರವನ್ನು ಹಳೆಯ ದೊಡ್ಡ ಕಡತದ ಮೇಲೇ ಬರೆದು, ಉಳಿದದ್ದನ್ನು ಅಳಿಸುತ್ತಿರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದರೆ ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಬರೆಯುವುದರಿಂದ ಬಾಲ ಕಳಚಿ ಬೀಳುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಇಲ್ಲ. ಆ ಮಾರ್ಚ್‌ನ ಪ್ಯಾಚ್ ಫೋನುಗಳನ್ನು ಸರಿಪಡಿಸಿತು, ಅದಕ್ಕೂ ಮುಂಚೆ ಕಳಿಸಿಯಾದ ಚಿತ್ರಗಳನ್ನಲ್ಲ.