ಸೋಲಿಗರ ಅರಣ್ಯ ಹಕ್ಕು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ, ಅವರೆ, ಜೋಳ ಬೆಳೆಯುತ್ತಿದ್ದರು. ಹೆಜ್ಜೇನು, ನೆಲ್ಲಿ, ಅಂಟುವಾಳ, ಸೀಗೆ, ಪಾಚಿ ಸಂಗ್ರಹಿಸುತ್ತಿದ್ದರು. ಬೇಸಿಗೆ ಬಲಿಯುವ ಮುನ್ನವೇ ಒಣ ಎಲೆ, ಹುಲ್ಲಿಗೆ ಸಣ್ಣದಾಗಿ ಹಚ್ಚುತ್ತಿದ್ದ ‘ತರಗು ಬೆಂಕಿ’ ಅವರ ಕಾಡು ನಿರ್ವಹಣೆಯ ಮುಖ್ಯ ಭಾಗ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರ ಅವರಿಗೆ ದೇವರು.

1974ರಲ್ಲಿ ಬೆಟ್ಟವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕಾಡಿನ ಬೇಸಾಯ ನಿಂತಿತು, ಬೆಂಕಿಗೂ ನಿಷೇಧ ಬಂತು. ಸೋಲಿಗರು ಪೋಡು ಎಂಬ ಖಾಯಂ ಹಾಡಿಗಳಲ್ಲಿ ನೆಲೆಯೂರಬೇಕಾಯಿತು. ಅಲ್ಲಿಂದ ಮುಂದೆ ಬದುಕು ನಿಂತದ್ದು ಕಿರು ಅರಣ್ಯ ಉತ್ಪನ್ನಗಳ ಮೇಲೆ. ಅವನ್ನು ಕೊಳ್ಳುತ್ತಿದ್ದುದು ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳು. 1990ರ ದಶಕದ ಅಧ್ಯಯನಗಳ ಪ್ರಕಾರ ಕುಟುಂಬಗಳ ಆದಾಯದ ಸುಮಾರು ಅರ್ಧದಷ್ಟು ಇದರಿಂದಲೇ ಬರುತ್ತಿತ್ತು.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಬೆನ್ನಲ್ಲೇ ಮಾರಾಟಕ್ಕಾಗಿ ಸಂಗ್ರಹಿಸುವುದನ್ನೂ ತಡೆಯಲಾಯಿತು. ಈ ಇತಿಹಾಸದಲ್ಲಿ ಅತ್ಯಂತ ಕ್ರೂರವಾದ ಘಟ್ಟ ಇದೇ. ಅನೇಕರು ಕೂಲಿ ಹುಡುಕಿ ಬೆಟ್ಟ ಇಳಿದರು. ಈ ನಿಷೇಧಗಳಿಂದ ಕಾಡಿಗೂ ಒಳಿತಾಗಲಿಲ್ಲ: ಕಾಯಿ ಕೀಳುವವರು ನೆಲ್ಲಿಮರದಿಂದ ಕಡಿದು ಹಾಕುತ್ತಿದ್ದ ಉಪ್ಪಿಲು ಎಂಬ ಪರಾವಲಂಬಿ ಗಿಡ ಅಡ್ಡಿಯಿಲ್ಲದೆ ಬೆಳೆಯಿತು, ಲಂಟಾನ ಎಂಬ ಕಳೆ ಕಾಡಿನ ನೆಲವನ್ನೇ ಆವರಿಸಿತು. ತರಗು ಬೆಂಕಿ ನಿಂತದ್ದೇ ಲಂಟಾನ ಹಬ್ಬಲು ಕಾರಣವೆಂದು ಹಿರಿಯ ಸೋಲಿಗರು ಮೊದಲಿನಿಂದ ಹೇಳುತ್ತ ಬಂದಿದ್ದರು. ಪರಿಸರ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ಪರಿಶೀಲಿಸತೊಡಗಿದ್ದು ತಡವಾಗಿ.

2006ರ ಅರಣ್ಯ ಹಕ್ಕು ಕಾಯ್ದೆ ಹೊಸ ದಾರಿ ತೆರೆಯಿತು. ಪೋಡುಗಳ ಗ್ರಾಮಸಭೆಗಳು ಸಮುದಾಯ ಹಕ್ಕಿಗೆ ಅರ್ಜಿ ಹಾಕಿದವು. ದೇವರ ನೆಲೆ, ಹೊಳೆ, ಹಳೆಯ ಬೇಸಾಯದ ಜಾಗಗಳನ್ನು ಗುರುತಿಸಿದ ನಕ್ಷೆಗಳು ಅವರ ವಾದಕ್ಕೆ ಬಲ ಕೊಟ್ಟವು. ಅಷ್ಟರಲ್ಲೇ, 2011ರ ಜನವರಿಯಲ್ಲಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ತಮ್ಮನ್ನು ಕೇಳದೆ ಕೈಗೊಂಡ ಈ ನಿರ್ಧಾರವನ್ನು ಸೋಲಿಗರು ವಿರೋಧಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಹಕ್ಕುಪತ್ರ ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಸಮುದಾಯ ಹಕ್ಕಿಗೆ ಮನ್ನಣೆ ಸಿಕ್ಕಿದ್ದು ಇದೇ ಮೊದಲು.

ಹಕ್ಕುಪತ್ರದ ಬಲದಿಂದ ಜೇನು, ನೆಲ್ಲಿ ಸಂಗ್ರಹ ಮತ್ತೆ ಸಾಧ್ಯವಾಯಿತು. ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ ಕಾಯ್ದೆ ಗ್ರಾಮಸಭೆಗೇ ಕೊಡುತ್ತದೆ. ಆದರೂ ಆಡಳಿತದ ಹಿಡಿತ ಅರಣ್ಯ ಇಲಾಖೆಯ ಕೈಯಲ್ಲೇ ಉಳಿದಿರುವುದರಿಂದ, ಸೋಲಿಗರಿಗೆ ಸಿಕ್ಕಿರುವ ನ್ಯಾಯ ಇನ್ನೂ ಅರ್ಧ ಮಾತ್ರ.