ಮೊದಲ ಮೂರು ದಿನಗಳ ಹಾಲು

ಕೃಷ್ಣಾ ತುಂಗಭದ್ರೆಗಳ ನಡುವಣ ಲಿಂಗಸುಗೂರಿನ ಸೀಮೆಯು ಚರಿತ್ರೆಯನ್ನು ಬಲ್ಲವರಿಗೆ ಅಪರಿಚಿತವಾದುದಲ್ಲ. ಶಾಸನಗಳು ಎಡೆದೊರೆ ಎರಡುಸಾಸಿರವೆಂದು ಕರೆದ ನಾಡಿದು. ಮುದಗಲ್ಲಿನ ಕೋಟೆಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಪುನಃ ಪುನಃ ಕಾದಾಡಿದರು. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಧರ್ಮಲಿಪಿಯು ೧೯೧೫ರಲ್ಲಿ ಬೆಳಕಿಗೆ ಬಂದಿತು. ನಿಜಾಮರ ರಾಜ್ಯದಲ್ಲಿ ಲಿಂಗಸುಗೂರು ೧೯೦೫ರವರೆಗೆ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. ಇವೆಲ್ಲವೂ ಬರೆಹದಲ್ಲಿ ಉಳಿದಿವೆ. ಬಾಣಂತಿಯ ಕೋಣೆಯಲ್ಲಿ ನಡೆದುದನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಆದರೂ ಆ ಕೋಣೆಗೂ ಒಂದು ಚರಿತ್ರೆಯುಂಟು. ಅದನ್ನು ವೈದ್ಯಗ್ರಂಥಗಳಿಂದಲೂ ಶರಣರ ಕಥೆಗಳಿಂದಲೂ ಮನೆಯ ಆಚಾರಗಳಿಂದಲೂ ಕೂಡಿಸಿಕೊಳ್ಳಬೇಕಾಗಿದೆ.

ಆಚಾರದಿಂದಲೇ ಆರಂಭಿಸುವುದು ಉಚಿತ. ಈ ಕಡೆಯ ಒಕ್ಕಲುಮನೆಯಲ್ಲಿ ಎಮ್ಮೆ ಈದರೆ ಮೊದಲು ಕರುವಿಗೆ ಕುಡಿಯಗೊಟ್ಟು, ಮಿಕ್ಕ ಮಂದವಾದ ಹಾಲಿಗೆ ಬೆಲ್ಲ ಏಲಕ್ಕಿ ಕೂಡಿಸಿ ಗಿಣ್ಣ ಮಾಡಿ ನೆರೆಹೊರೆಗೆ ಹಂಚುವರು. ಆ ಹಾಲನ್ನು ಕುಡಿಯದ ಕರು ಬಲಿಯದು ಎಂಬುದನ್ನು ದನ ಸಾಕಿದವರು ಬಲ್ಲರು. ಅದೇ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹಡೆದಾಗ ಹಲವೆಡೆ ನಡೆಯುತ್ತಿದ್ದುದೇ ಬೇರೆ. ಅವಳಲ್ಲಿ ಮೊದಲು ಬಂದ ಹಳದಿ ಬಣ್ಣದ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಸಕ್ಕರೆನೀರು, ಜೇನುತುಪ್ಪ ಇಲ್ಲವೆ ಹರಳೆಣ್ಣೆಯನ್ನು ಹಾಕುತ್ತಿದ್ದರು. ಈ ರೂಢಿಯು ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಎರಡನೆಯ ದಿನ ಕೂಸು ಅತ್ತರೆ ‘ತಾಯಿಗೆ ಹಾಲಿಲ್ಲ’ ಎಂದು ಹಿರಿಯರು ತೀರ್ಪು ಕೊಡುವರು. ಕರುವಿಗೆ ಸಂದ ನ್ಯಾಯವು ಕೂಸಿಗೆ ಏಕೆ ಸಲ್ಲಲಿಲ್ಲವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಶಾಸ್ತ್ರವೇ ಕಾರಣವೆಂದು ಕೆಲವರು ಹೇಳುವುದುಂಟು. ಶಾಸ್ತ್ರವನ್ನು ತೆರೆದು ನೋಡಿದರೆ ಅಲ್ಲಿ ಒಂದೇ ಮಾತು ಕಾಣದು. ಹೃದಯದಲ್ಲಿರುವ ಧಮನಿಗಳು ತೆರೆದು ಮೂರು ಇಲ್ಲವೆ ನಾಲ್ಕು ರಾತ್ರಿಗಳಾದ ಮೇಲೆ ಸ್ತನ್ಯವು ಪ್ರವರ್ತಿಸುವುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಆ ಕಾರಣದಿಂದಲೇ ಮೊದಲ ಮೂರು ದಿನ ಶಿಶುವಿಗೆ ಜೇನುತುಪ್ಪ, ಔಷಧ ಕೂಡಿಸಿದ ತುಪ್ಪ ಮೊದಲಾದವುಗಳನ್ನು ವಿಧಿಸಿ, ನಾಲ್ಕನೆಯ ದಿನ ತಾಯಿಯ ಹಾಲನ್ನು ಹೇಳಿದೆ. ಚರಕಸಂಹಿತೆಯಲ್ಲಾದರೋ ಜಾತಕರ್ಮದ ಮಧುಸರ್ಪಿಗಳನ್ನು ನೆಕ್ಕಿಸಿದೊಡನೆ ತಾಯಿಯ ಬಲಸ್ತನವನ್ನು ಮೊದಲು ಕೊಡಬೇಕೆಂದಿದೆ. ಮೂರು ದಿನ ಕಾಯುವ ಮಾತಿಲ್ಲ. ಹೀಗೆ ಇಬ್ಬರು ಆಚಾರ್ಯರಲ್ಲಿ ಎರಡು ಮತಗಳಿರಲು, ರೂಢಿಯು ಹಿಡಿದುದು ತಡಮಾಡುವ ಮತವನ್ನು.

ಸುಶ್ರುತನು ಕಂಡುದು ಸುಳ್ಳಲ್ಲ. ಹೆತ್ತ ಎರಡು ಮೂರು ದಿನಗಳ ನಂತರವೇ ಹಾಲು ತುಂಬಿ ಬರುವುದೆಂದು ಈಗಿನ ವೈದ್ಯರೂ ಒಪ್ಪುತ್ತಾರೆ. ಅದಕ್ಕೆ ಮುಂಚಿನ ಕೆಲವೇ ಚಮಚದಷ್ಟು ಹಳದಿ ಹಾಲನ್ನು ಆ ಮತವು ಲೆಕ್ಕಕ್ಕೆ ಹಿಡಿಯಲಿಲ್ಲ, ತಪ್ಪಿದುದು ಅಷ್ಟರಲ್ಲಿಯೇ. ಅಂದಿನ ಕೂಸಿನ ಜಠರವು ಬಹಳ ಚಿಕ್ಕದು. ಅದಕ್ಕೆ ಅಷ್ಟೇ ಸಾಕು. ರೋಗವನ್ನು ತಡೆಯುವ ದ್ರವ್ಯಗಳು ಅದರಲ್ಲಿಯೇ ಹೆಚ್ಚಾಗಿರುತ್ತವೆ. ಜೇನುತುಪ್ಪವಾದರೋ ಅಪಾಯಕರವಾದ ಒಂದು ಬಗೆಯ ರೋಗಾಣುಗಳನ್ನು ಹೊತ್ತಿರಬಹುದಾದುದರಿಂದ ಒಂದು ವರ್ಷ ತುಂಬುವವರೆಗೆ ಸಲ್ಲದೆಂದು ಈಗ ನಿರ್ಣಯವಾಗಿದೆ. ಸಕ್ಕರೆನೀರಿನಿಂದ ಹೊಟ್ಟೆ ತುಂಬಿದ ಕೂಸು ಮೊಲೆಯನ್ನು ಚೀಪದು. ಚೀಪದಿದ್ದರೆ ಹಾಲು ಹೆಚ್ಚದು. ಸೇದಿದಷ್ಟೂ ಒರತೆ ಬರುವ ಬಾವಿಯ ನ್ಯಾಯವಿದು. ‘ಹಾಲಿಲ್ಲ’ ಎಂಬ ತೀರ್ಪು ಮೊದಲು ಹುಟ್ಟಿ, ಅದರ ಸಾಕ್ಷಿಯು ಆಮೇಲೆ ಹುಟ್ಟುತ್ತಿದ್ದಿತು.

ಅದೇ ಸುಶ್ರುತಸಂಹಿತೆಯ ಇನ್ನೆರಡು ಮಾತುಗಳನ್ನು ಜನರು ನೆನೆದಿದ್ದರೆ ಎಷ್ಟೋ ಬಾಣಂತಿಯರ ಕಣ್ಣೀರು ತಪ್ಪುತ್ತಿದ್ದಿತು. ಹಾಲು ಬತ್ತುವುದಕ್ಕೆ ಕಾರಣಗಳನ್ನು ಹೇಳುವಲ್ಲಿ ಕೋಪ, ಶೋಕ, ವಾತ್ಸಲ್ಯದ ಕೊರತೆ ಎಂಬಿವನ್ನು ಆ ಗ್ರಂಥವು ಎಣಿಸುತ್ತದೆ. ಚಿಕಿತ್ಸೆಯನ್ನು ಹೇಳುವಲ್ಲಿ ಮೊದಲು ಸೌಮನಸ್ಯವನ್ನು, ಅಂದರೆ ತಾಯಿಯ ಮನಸ್ಸನ್ನು ತಿಳಿಯಾಗಿಸುವುದನ್ನು ಹೇಳಿ, ಆಮೇಲೆ ಗೋಧಿ, ಅಕ್ಕಿ, ಬೆಳ್ಳುಳ್ಳಿ, ಸೋರೆಕಾಯಿ, ಶತಾವರಿಗಳ ಪಟ್ಟಿಯನ್ನು ಕೊಡುತ್ತದೆ. ಬೆಳ್ಳುಳ್ಳಿಯು ಇಂದಿಗೂ ಬಾಣಂತಿಯ ಅಡಿಗೆಯಲ್ಲಿದೆ. ಅದರೊಡನೆ ಸಬ್ಬಸಿಗೆಯ ಪಲ್ಯ, ಅಳವಿಯ ಪಾಯಸ, ಅಂಟಿನ ಉಂಡೆಗಳು ಸೇರಿವೆ. ಪಟ್ಟಿಯ ಉಳಿದ ಭಾಗವು ಅಡಿಗೆಮನೆಗೆ ಬಂದರೂ ಮೊದಲ ಔಷಧವು ಹೊರಗೇ ಉಳಿಯಿತು.

ಎರಡನೆಯದು ಹೀಗಿದೆ. ಹಾಲು ಕಟ್ಟಿ ಬಿಗಿದ ಸ್ತನವನ್ನು ಹಾಗೆಯೇ ಕೊಟ್ಟರೆ ಕೂಸಿಗೆ ಕೆಮ್ಮು ವಾಂತಿಗಳು ಬರುವುವಾದ್ದರಿಂದ, ತೊಳೆದು ಕೊಂಚ ಹಾಲನ್ನು ಹಿಂಡಿ ತೆಗೆದು ಆಮೇಲೆ ಕುಡಿಸಬೇಕೆಂದು ಸಂಹಿತೆಯು ವಿಧಿಸಿದೆ. ಬಿಗಿದ ಮೊಲೆಯನ್ನು ಕೂಸು ಹಿಡಿಯಲಾರದೆ ಅಳುವಾಗ ಇಂದಿನ ಆಸ್ಪತ್ರೆಯ ದಾದಿಯೂ ಇದನ್ನೇ ಮಾಡಿಸುವಳು.

ಕೋಪಶೋಕಗಳಿಂದ ಹಾಲು ತಡೆಯುವುದೆಂಬುದನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ೧೯೪೮ರಲ್ಲಿ ಅಮೆರಿಕದ ಮೈಕೇಲ್ ನ್ಯೂಟನ್, ನೈಲ್ಸ್ ನ್ಯೂಟನ್ ಎಂಬ ದಂಪತಿಗಳು ತಮ್ಮ ಮನೆಯಲ್ಲಿಯೇ ಇದನ್ನು ಪರೀಕ್ಷಿಸಿದರು. ಹಾಲೂಡುವ ತಾಯಿಗೆ, ಎಂದರೆ ನೈಲ್ಸರಿಗೆ, ಪಾದವನ್ನು ಮಂಜಿನ ನೀರಿನಲ್ಲಿ ಇಡಿಸುವುದು, ಲೆಕ್ಕ ಬಿಡಿಸಹೇಳುವುದು ಮುಂತಾದ ತೊಂದರೆಗಳನ್ನು ಕೊಟ್ಟಾಗ, ಶಾಂತವಾಗಿದ್ದಾಗ ಸುಮಾರು ೧೬೮ ಗ್ರಾಂ ದೊರೆಯುತ್ತಿದ್ದ ಹಾಲು ಸುಮಾರು ೯೯ ಗ್ರಾಂಗೆ ಇಳಿಯಿತು. ಹಾಲನ್ನು ಇಳಿಸುವ ಆಕ್ಸಿಟೋಸಿನ್ ಎಂಬ ರಸವನ್ನು ಸೂಜಿಯಿಂದ ಕೊಟ್ಟೊಡನೆ ತೊಂದರೆಯ ನಡುವೆಯೂ ಅದು ಬಹುಮಟ್ಟಿಗೆ ಮೊದಲಿನಂತಾಯಿತು. ಹಾಲು ಒಳಗೆ ಇದ್ದೇ ಇದ್ದಿತು, ಇಳಿಯದೆ ನಿಂತಿತ್ತು ಎಂಬುದು ಇದರ ತಾತ್ಪರ್ಯ. ಅತ್ತೆಯ ಮೂದಲಿಕೆಯೂ ನೆರೆಯವರ ಪಿಸುಮಾತೂ ಮಂಜಿನ ನೀರಿಗಿಂತ ತಣ್ಣಗಿರುವುವೆ?

ಕೂಸು ಕುಡಿಯದಿದ್ದಾಗ ತಾಯಿ ಪಡುವ ಸಂಕಟವನ್ನು ಶರಣಸಾಹಿತ್ಯವು ಅಚ್ಚಾಗಿ ಬಲ್ಲುದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡಿಸಿದನು. ಈ ಪುರಾಣದ ಬೆಜ್ಜಮಹಾದೇವಿಯು ಶಿವನಿಗೆ ತಾಯಿಯಿಲ್ಲವೆಂದು ಮರುಗಿ, ತಾನೇ ತಾಯಾಗಿ ಅವನನ್ನು ಮೀಯಿಸಿ ಮೊಲೆಯೂಡುವಳು. ಒಂದು ದಿನ ಆ ಶಿಶುವು ಗಂಟಲ ಬೇನೆಯನ್ನು ನಟಿಸಿ ಹಾಲನ್ನು ಒಲ್ಲದಿರಲು, ಅವಳು ಹಲುಬಿ ಕಡೆಗೆ ತನ್ನ ಪ್ರಾಣವನ್ನೇ ನೀಗಲು ಸಿದ್ಧಳಾದಳು. ಆಗ ಶಿವನು ಪ್ರತ್ಯಕ್ಷನಾದನು. ಭಕ್ತಿಯ ಮಹಿಮೆಯನ್ನು ಹೇಳುವ ಕಥೆಯಿದು, ನಿಜ. ಆದರೆ ಬೇನೆಯು ಶಿಶುವಿನ ಗಂಟಲಲ್ಲಿದ್ದರೂ ದಂಡನೆಯನ್ನು ತಾಯಿಯು ತನಗೆ ವಿಧಿಸಿಕೊಂಡಳೆಂಬುದನ್ನು ಓದುಗರು ಗಮನಿಸಬೇಕು. ಪುರಾಣದ ತಾಯಿಗೆ ದೇವರು ಒದಗಿದನು. ಮನೆಯ ತಾಯಿಗೆ ಮನೆಯವರೇ ಒದಗಬೇಕು.

ನಿಜವಾಗಿಯೂ ತಾಯಿಯ ಹಾಲು ದೊರೆಯದ ಕೂಸಿಗೆ ಹಿಂದೆ ಇದ್ದ ಗತಿಯೇನು? ಚರಕನು ಧಾತ್ರಿಯ ಲಕ್ಷಣಗಳನ್ನು ವಿಸ್ತಾರವಾಗಿ ಹೇಳಿದ್ದಾನೆ. ಆದರೆ ಅಂಥವಳನ್ನು ಇಟ್ಟುಕೊಳ್ಳುವ ಶಕ್ತಿ ಸಿರಿವಂತರಿಗೆ ಮಾತ್ರ. ಧಾತು ಈಶ್ವರ ಸಂವತ್ಸರಗಳ ಬರವು, ಎಂದರೆ ೧೮೭೬-೭೮ರ ಮಹಾಕ್ಷಾಮವು, ರಾಯಚೂರು ಲಿಂಗಸುಗೂರು ಜಿಲ್ಲೆಗಳನ್ನೂ ಸುಟ್ಟಿತು. ಹಸಿದ ತಾಯಿಯ ದೇಹವು ತನ್ನನ್ನು ಸವೆಸಿಕೊಂಡಾದರೂ ಹಾಲನ್ನು ಕೊಡುವುದಾದರೂ, ತಾಯಿಯೇ ಅಳಿದಲ್ಲಿ ಕೂಸಿಗೆ ಆಧಾರವಿರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು, ೧೮೬೭ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಎಂಬವನು ಶಿಶುಗಳ ಹಿಟ್ಟನ್ನು ಮಾರಾಟಕ್ಕೆ ತಂದಿದ್ದನು. ಡಬ್ಬಿಯ ಹಾಲು ಕ್ರಮೇಣ ಲೋಕವನ್ನೆಲ್ಲ ಸುತ್ತಿತು. ಅದನ್ನು ತಾಯಿಹಾಲಿಗೆ ಸಮನೆಂದು ಸಾರಿ ಮಾರುವುದು ಕೊಲೆಗೆ ಸಮಾನವೆಂದು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ೧೯೩೯ರಲ್ಲಿ ಸಿಂಗಾಪುರದ ಸಭೆಯಲ್ಲಿ ನಿರ್ಭಯವಾಗಿ ನುಡಿದಳು. ಭಾರತದಲ್ಲಿ ೧೯೯೨ರ ಕಾಯಿದೆಯು ಡಬ್ಬಿಹಾಲಿನ, ಹಾಲೂಡುವ ಬಾಟಲಿಯ ಜಾಹೀರಾತುಗಳನ್ನು ನಿಷೇಧಿಸಿತು. ಹಳೆಯ ಧಾತ್ರಿಯ ಧರ್ಮವೂ ಹೊಸ ರೂಪದಲ್ಲಿ ಬಂದಿದೆ. ತಾಯಂದಿರು ದಾನವಿತ್ತ ಹಾಲನ್ನು ಕಾಪಿಡುವ ಭಂಡಾರವು ೧೯೮೯ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿಯೂ, ೨೦೨೨ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ ಆರಂಭವಾಯಿತು.

ಈಗ ಹೆರಿಗೆಗಳು ಬಹುತೇಕ ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಆದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ಣಾಟಕದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲನ್ನು ಪಡೆದ ಮಕ್ಕಳು ಸುಮಾರು ಅರ್ಧದಷ್ಟೇ. ಆದುದರಿಂದ ತಿಳಿದ ಮನೆಗಳ ಹಿರಿಯರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಅವಶ್ಯ. ಹುಟ್ಟಿದ ಕೂಸನ್ನು ಒಡನೆಯೇ ತಾಯಿಯ ಎದೆಯ ಮೇಲಿಟ್ಟು, ಹಗಲಿರುಳೆನ್ನದೆ ಕೇಳಿದಾಗಲೆಲ್ಲ ಕುಡಿಸಬೇಕು. ಕೂಸು ತೊಟ್ಟಿನ ತುದಿಯನ್ನಷ್ಟೇ ಕಚ್ಚಿದರೆ ತೊಟ್ಟು ಒಡೆದು ತಾಯಿಗೆ ನೋವಾಗುವುದು, ಕೂಸಿಗೆ ಹಾಲು ಸಾಲದು; ಸುತ್ತಲಿನ ಕಪ್ಪುಭಾಗವೂ ಬಹುಮಟ್ಟಿಗೆ ಬಾಯೊಳಗೆ ಬರುವಂತೆ ಹಿಡಿಸಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡಿ, ತೂಕದಲ್ಲಿ ಏರುತ್ತಿರುವ ಕೂಸಿಗೆ ಹಾಲು ಸಾಲುತ್ತಿದೆ. ಅಳುವೊಂದೇ ಕೊರತೆಯ ಗುರುತಲ್ಲ. ಕೂಸು ಚೀಪದೆ ಮಂಕಾಗಿ ಮಲಗಿದ್ದರೆ, ಮೂತ್ರ ನಿಂತರೆ, ಮೈ ಹೆಚ್ಚು ಹಳದಿಗಟ್ಟಿದರೆ, ತಾಯಿಗೆ ಎದೆ ಕೆಂಪಾಗಿ ಜ್ವರ ಬಂದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಇವೆಲ್ಲವನ್ನು ಮಾಡಿದರೂ ಕೆಲವು ತಾಯಂದಿರಿಗೆ ಹಾಲು ಸಾಲದಿರುವುದುಂಟು. ಅದು ದೇಹದ ಸ್ಥಿತಿಯೇ ಹೊರತು ತಾಯ್ತನದ ಲೋಪವಲ್ಲ. ಅಂಥಲ್ಲಿ ವೈದ್ಯರು ಹೇಳಿದ ಆಹಾರವನ್ನು ಸಂಕೋಚವಿಲ್ಲದೆ ಕೊಡಬೇಕು.

ಸೌಮನಸ್ಯವೆಂಬ ಮೊದಲ ಔಷಧಕ್ಕೆ ಅಂಗಡಿಯಿಲ್ಲ, ಬೆಲೆಯೂ ಇಲ್ಲ. ಅದನ್ನು ಕೊಡತಕ್ಕವರು ಬಾಣಂತಿಯ ಹೊರಸಿನ ಸುತ್ತ ಕುಳಿತ ತಾಯಿ, ಅತ್ತೆ, ಅತ್ತಿಗೆ, ಗಂಡಂದಿರು. ಎಮ್ಮೆಯು ಈದಾಗ ಅದನ್ನು ಬೆದರಿಸಬಾರದೆಂದು ಕೊಟ್ಟಿಗೆಯಲ್ಲಿ ಮೆಲ್ಲನೆ ನಡೆಯುವ ಮನೆಯವರು, ನಡುಮನೆಯಲ್ಲಿ ಮಲಗಿದ ಹಸಿಬಾಣಂತಿಯ ಮುಂದೆಯೂ ಅಷ್ಟು ಮೆಲ್ಲನೆ ಮಾತನಾಡುವುದನ್ನು ಕಲಿತರೆ ಸಾಕು. ಕರುವಿಗೆ ಸಂದ ನ್ಯಾಯವು ಕೂಸಿಗೂ ಸಲ್ಲುವುದು.